ಲ್ಯಾಬಿನ ಅಕ್ಕ ಮತ್ತು ಆಯಿಯ ಬಂಗಡೆ

ಕಾರವಾರದ ಲ್ಯಾಬಿನಲ್ಲಿ ರಕ್ತ ತೆಗೆಯುತ್ತಿದ್ದ ಅಕ್ಕ ಎಲ್ಲರಿಗೂ ಹೇಳುತ್ತಿದ್ದದ್ದು ಒಂದೇ ಮಾತು: “ಹೆದ್ರೂದು ಆಮೇಲೆ, ಮೊದ್ಲು ಮುಷ್ಟಿ ಕಟ್ಟು.”

ಪದವಿ ಮುಗಿಸಿ, ನಮ್ಮ ಮನೆತನದ ಮೊದಲ ನೌಕರಿಗೆ ಹೊರಟಿದ್ದ ನನ್ನ ರಕ್ತದಲ್ಲಿ ಹೆಪಟೈಟಿಸ್ ಬಿ ಸಿಕ್ಕಿತ್ತು. ಸೋಂಕು ಹೊಸದಾದರೆ ಹೆಚ್ಚಾಗಿ ತಾನೇ ವಾಸಿಯಾಗುತ್ತದೆ, ಹಳೆಯದಾದರೆ ಮೈಯಲ್ಲೇ ಉಳಿಯುತ್ತದೆ, ಯಾವುದೆಂದು ತಿಳಿಯಲು ಇನ್ನೊಂದು ಪರೀಕ್ಷೆ ಬೇಕು ಎಂದಿದ್ದರು ಡಾಕ್ಟರು.

ರಿಪೋರ್ಟಿನ ದಿನ, ಬೈತಖೋಲದಲ್ಲಿ ಮೀನು ಮಾರುವ ನನ್ನ ಆಯಿ ಒಂದು ಚೀಲ ಬಂಗಡೆ ಹಿಡಿದೇ ಬಂದಳು.

“ತಂಗೀ, ಹೊಸದು ಅಂತ್ಲೇ ಬರಿ ಮಾರಾಯ್ತಿ.”

ಅಕ್ಕ ಬಾಗಿಲಲ್ಲೇ ಒಂದು ಬಂಗಡೆಯ ಕಿವಿರು ಎತ್ತಿ ನೋಡಿದರು.

“ಮಾವಶೀ, ಮಗಳ ಸೋಂಕು ಹೊಸದೇ, ನಾ ಬರಿಯೂದೇನೂ ಬ್ಯಾಡ. ಆದ್ರೆ ಈ ಮೀನು ಹಳೇದು, ನಿನ್ನೆ ಹಿಡ್ದದ್ದು.”

ಖುಷಿಯಿಂದ ನಾನು ಅತ್ತೆ. ಆಯಿ ಮಾತ್ರ ಸೊಂಟಕ್ಕೆ ಸೆರಗು ಸಿಕ್ಕಿಸಿ ಬಂಗಡೆಯ ಪರ ಜಗಳಕ್ಕೆ ನಿಂತಳು.