ಮಂಗಳವಾರದ ಈಜಿನ ಬಸ್ಸು

ಆ ಕಾಗದ ಹಳದಿ ಬಣ್ಣದ್ದು ಎಂದು ನನಗೆ ಖಚಿತವಾಗಿ ನೆನಪಿದೆ. ಆದರೆ ಖಚಿತವಾಗಿ ನೆನಪಿರುವ ಸಂಗತಿಗಳ ಮೇಲೆಯೇ ನನಗೆ ಈಗೀಗ ಅನುಮಾನ ಹೆಚ್ಚು. ಆಗ ಬರೆದಿಟ್ಟ ಡೈರಿಯಲ್ಲಿ "ಶಾಲೆಯಿಂದ ಕಾಗದ ಬಂತು, ಸಹಿ ಮಾಡಿ ಕಳಿಸಿದೆವು" ಎಂದಷ್ಟೇ ಇದೆ. ಬಣ್ಣದ ಮಾತೇ ಇಲ್ಲ. ಈ ಕಥೆಯನ್ನು ಯಾರಿಗೆ ಹೇಳುವಾಗಲೂ ಅದರ ಚೌಕಕ್ಕೆ ಗುರುತು ಹಾಕಿದ್ದು ಗಂಡ ಎನ್ನುತ್ತೇನೆ. ಅವರನ್ನು ಕೇಳಿದರೆ ನನ್ನ ಹೆಸರು ಹೇಳುತ್ತಾರೆ. ಇಬ್ಬರಲ್ಲಿ ಒಬ್ಬರು ಹಾಕಿದ್ದಂತೂ ನಿಜ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ರಾಟರ್‌ಡ್ಯಾಮ್ ಪಕ್ಕದ ಒಂದು ಊರಿನ ಸಾಲುಮನೆಯೊಂದರಲ್ಲಿ ನಾವಿದ್ದೆವು. ಗಂಡ ಬಾಗಲಕೋಟೆಯ ಕಡೆಯವರು, ಬಂದರಿನ ಹೂಳೆತ್ತುವ ಕಂಪನಿಯೊಂದರಲ್ಲಿ ಎಂಜಿನಿಯರ್. ನಾನು ಮೈಸೂರಿನವಳು. ಎಂ.ಎ. ಮಾಡಿಕೊಂಡು ಬಂದವಳು ಅಲ್ಲಿ ಸಂಜೆಯ ತರಗತಿಯಲ್ಲಿ ಮಕ್ಕಳ ಹಾಗೆ ಡಚ್ ಕಲಿಯುತ್ತಿದ್ದೆ. ದಿನವಿಡೀ ನೀರಿನ ಆಳ ಅಳೆಯುತ್ತಿದ್ದ ಗಂಡನಿಗೆ ಈಜು ಬರುತ್ತಿರಲಿಲ್ಲ. ನನಗಂತೂ ಸ್ನಾನದ ಬಕೆಟ್ಟಿಗಿಂತ ಆಳದ ನೀರಿನ ಪರಿಚಯವೇ ಇರಲಿಲ್ಲ. ಮನೆಯ ಬಾಗಿಲಿನಿಂದ ಹತ್ತು ಹೆಜ್ಜೆಗೆ ಕಾಲುವೆ. ಅದಕ್ಕೆ ಬೇಲಿ ಇರಲಿಲ್ಲ. ಅಲ್ಲಿ ಯಾವ ಕಾಲುವೆಗೂ ಇರುವುದಿಲ್ಲ.

ನಾವು ಬಂದ ಮೊದಲ ಬೇಸಿಗೆಯಲ್ಲಿ ಆ ಕಾಲುವೆಯ ಮೇಲೆ ಸಣ್ಣ ಹಸಿರೆಲೆಗಳ ಪಾಚಿ ಒತ್ತಾಗಿ ಹಬ್ಬಿತ್ತು. ನೀರು ಒಂದು ಹನಿಯೂ ಕಾಣುತ್ತಿರಲಿಲ್ಲ, ಈಗಷ್ಟೇ ಕತ್ತರಿಸಿದ ಹುಲ್ಲುಹಾಸಿನ ಹಾಗಿತ್ತು. ಆಗ ಐದು ವರ್ಷದ ಮಗಳು ಚೆಂಡಿನ ಹಿಂದೆ ಓಡಿ ಅದರ ಮೇಲೆ ಕಾಲಿಟ್ಟಳು. ಪಕ್ಕದ ಮನೆಯಾಕೆ, ಡಚ್ ಹೆಂಗಸು, ಬಟ್ಟೆ ಒಣಹಾಕುತ್ತಿದ್ದವಳು ಹಾರಿ ಬಂದು ಫ್ರಾಕಿನ ಬೆನ್ನು ಹಿಡಿದಳು. ಮಗಳಿಗೆ ಆದದ್ದು ಒಂದು ಕಾಲಿನ ಬೂಟು ಒದ್ದೆ, ಅಷ್ಟೇ. ಅಂಗಳದಲ್ಲೇ ನಿಂತಿದ್ದ ನಾನು ಮಾತ್ರ ನಿಂತಲ್ಲೇ ನಿಂತಿದ್ದೆ. ನನಗೂ ಅದು ಹುಲ್ಲೇ ಆಗಿತ್ತು.

ಹಾಗಾಗಿ ಶಾಲೆಯ ಈಜು ನಮ್ಮ ಮನೆಯಲ್ಲಿ ಆಟದ ವಿಷಯವಾಗಿರಲಿಲ್ಲ. ಮಂಗಳವಾರ ಬೆಳಿಗ್ಗೆ ಒಂದು ಬಸ್ಸು ಮಗಳ ತರಗತಿಯನ್ನು ಪಕ್ಕದ ಬಡಾವಣೆಯ ಈಜುಕೊಳಕ್ಕೆ ಕರೆದೊಯ್ಯುತ್ತಿತ್ತು. ಏಳು ವರ್ಷದ ಮಕ್ಕಳು ಮೊದಲ ಡಿಪ್ಲೊಮಾ ತೆಗೆದುಕೊಳ್ಳಬೇಕಾದರೆ ಬಟ್ಟೆ, ಬೂಟು ಹಾಕಿಕೊಂಡೇ ನೀರಿಗೆ ಹಾರಿ ಈಜಬೇಕು, ಆಮೇಲೆ ನೀರೊಳಗೆ ಇಳಿಬಿಟ್ಟ ಒಂದು ದಪ್ಪ ಪ್ಲಾಸ್ಟಿಕ್ ಹಾಳೆಯ ತೂತಿನೊಳಗೆ ಮುಳುಗಿ ಆಚೆಗೆ ಹೋಗಬೇಕು. ಮಗಳಿಗೆ ಉಳಿದದ್ದೆಲ್ಲ ಬರುತ್ತಿತ್ತು. ತೂತಿನ ಮುಂದೆ ಮಾತ್ರ ಕಣ್ಣು ಮುಚ್ಚಿ ವಾಪಸ್ ಬರುತ್ತಿದ್ದಳು. ಖಾಸಗಿ ತರಗತಿಗೆ ಸೇರಿಸೋಣವೆಂದರೆ ಕಾಯುವವರ ಪಟ್ಟಿ ವರ್ಷ ದಾಟುವಷ್ಟು ಉದ್ದವಿತ್ತು.

ಕಾಗದ ಬಂದದ್ದು ಅತ್ತೆ ಬಂದ ವಾರ. ಅವರು ಮೂರು ತಿಂಗಳ ವೀಸಾದಲ್ಲಿ ಮಾರ್ಚಿನಲ್ಲಿ ಬಂದಿದ್ದರು. ಸೂಟ್‌ಕೇಸಿನಿಂದ ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ ಹೊರಬರುತ್ತಿದ್ದ ಗಲಾಟೆಯಲ್ಲಿ ಮಗಳು ಕಾಗದ ಚಾಚಿದಳು. ಮೂರು ಚೌಕ, ಕೆಳಗೆ ಸಹಿಯ ಗೆರೆ. ನಾನೂ ಗಂಡನೂ ಓದಿದ ಶಾಲೆಗಳಲ್ಲಿ ಮನೆಗೆ ಬಂದ ಕಾಗದ ಎಂದರೆ ಅಪ್ಪನ ಸಹಿ ಬಿದ್ದು ಮರುದಿನ ಹಿಂದಿರುಗಬೇಕಾದದ್ದು. ಶಾಲೆ ತಿಳಿಸುತ್ತಿತ್ತು, ಕೇಳುತ್ತಿರಲಿಲ್ಲ. ಗುರುತು ಹಾಕಲು ಜಾಗವಿತ್ತಲ್ಲ, ಮೊದಲ ಚೌಕಕ್ಕೆ ಗುರುತು ಬಿತ್ತು.

ಹದಿನೈದು ದಿನದ ಮೇಲೆ ಎರಡನೆಯ ಕಾಗದ ಬಂತು. ಆ ಹೊತ್ತಿಗೆ ಪಕ್ಕದ ಮನೆಯಾಕೆ ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತೆ ಕೊಟ್ಟ ಚಟ್ನಿಪುಡಿಯನ್ನು ಬ್ರೆಡ್ಡಿಗೆ ಉದುರಿಸಿಕೊಂಡು ತಿನ್ನುತ್ತಿದ್ದಳು. ಅವಳ ಮಗನೂ ಅದೇ ತರಗತಿ. ನನಗೆ ತಿಳಿಯುವ ಹಾಗೆ ನಿಧಾನ ಡಚ್‌ನಲ್ಲಿ ಓದಿ ಹೇಳಿದಳು. ಶಾಲೆಗೆ ನಗರಸಭೆಯಿಂದ ಬರುವ ಹಣ ಕಡಿಮೆಯಾಗಿದೆ, ಏನನ್ನಾದರೂ ಕೈಬಿಡಬೇಕು, ಪೋಷಕರಲ್ಲಿ ಹೆಚ್ಚಿನವರು ಮೊದಲ ಕಾಗದದಲ್ಲಿ ಈಜನ್ನು ಕೈಬಿಡಿ ಎಂದಿದ್ದಾರೆ, ಮೇ ರಜೆಯ ನಂತರ ಬಸ್ಸು ಇಲ್ಲ. ಕೊನೆಯ ತೀರ್ಮಾನಕ್ಕೆ ಮುಂಚೆ ಒಂದು ಸಂಜೆ ಎಲ್ಲರ ಮಾತು ಕೇಳುತ್ತಾರೆ.

"ಯಾರಪ್ಪಾ ಈಜು ಬೇಡ ಅಂದವರು! ನೀವು ಯಾವುದಕ್ಕೆ ಗುರುತು ಹಾಕಿದ್ರಿ?" ಎಂದಳು.

"ಮೊದಲನೇದಕ್ಕೆ."

ಅವಳು ಬ್ರೆಡ್ಡನ್ನು ತಟ್ಟೆಗಿಟ್ಟಳು. "ಮೊದಲನೇದು ಈಜು ಕಣೇ. ಎರಡನೇದು ಸಂಗೀತ. ಮೂರನೇದು ವ್ಯಾಯಾಮದ ಮೇಷ್ಟ್ರು."

ಸಂಜೆ ಗಂಡ ಬರುವುದಕ್ಕೇ ಕಾದಿದ್ದೆ.

"ನೀವು ಓದದೇನೇ ಟಿಕ್ ಮಾಡಿದ್ರಾ?"

"ಡಚ್ ಕ್ಲಾಸಿಗೆ ಹೋಗೋಳು ನೀನು. ನಾನ್ಯಾಕೆ ಓದ್ಲಿ?"

ಅತ್ತೆ ರೊಟ್ಟಿ ಬಡಿಯುತ್ತಲೇ ಕೇಳಿದರು, "ಏನಾತೋ? ಯಾಕ ಹಿಂಗ ಜಗಳಾಡಾಕತ್ತೀರಿ?"

ಗಂಡ ವಿವರಿಸಿದರು. ಅತ್ತೆ ಬಡಿಯುವುದನ್ನು ನಿಲ್ಲಿಸಿದರು. "ಅಂದ್ರ ನಿಮ್ಮ ಕೂಸಿನ ಈಜ ನೀವ ಬ್ಯಾಡಂತ ಬರದ ಕೊಟ್ರಿ. ಶಾಣ್ಯಾರದೀರಿ ಇಬ್ರೂ. ಯಾವಾಗದ ಅದು ಸಭಾ? ನಾನೂ ಬರ್ತೀನಿ."

"ಅವ್ವಾ, ಅಲ್ಲಿ ನಿನಗೇನ್ ತಿಳಿತದ?"

"ನಿನಗ ತಿಳದ ಏನ್ ಕಡದಿ?"

ಆ ವಾರ ನನಗೆ ಹಬ್ಬದ ಹಿಂದಿನ ದಿನಗಳ ಹಾಗೆ ಕಳೆಯಿತು. ಹೆಸರು ಕೊಟ್ಟವರಿಗೆಲ್ಲ ಮೂರು ನಿಮಿಷ ಮಾತನಾಡಲು ಬಿಡುತ್ತಾರೆಂದು ಪಕ್ಕದ ಮನೆಯಾಕೆ ಹೇಳಿದ್ದೇ ತಡ, ಹೋಗಿ ಹೆಸರು ಕೊಟ್ಟುಬಂದೆ. ಒಂದು ತಪ್ಪು ಗುರುತನ್ನು ಎದ್ದು ನಿಂತು ವಾಪಸ್ ತೆಗೆದುಕೊಳ್ಳಬಹುದು ಎಂಬುದೇ ನನಗೆ ಹೊಸದು. ಡಚ್‌ನಲ್ಲಿ ಒಂದು ಪುಟ ಬರೆದು ಬಾಯಿಪಾಠ ಮಾಡಿದೆ. ಪಾತ್ರೆ ತೊಳೆಯುವಾಗ, ಟ್ರ್ಯಾಮಿನಲ್ಲಿ, ಬಚ್ಚಲಿನಲ್ಲಿ ಅದೇ ಜಪ. ಮಗಳು ಸೋಫಾದ ಮೇಲೆ ಕೂತು ಉಚ್ಚಾರ ತಿದ್ದಿದಳು. "ಅಯ್ಯೋ ಅಮ್ಮ, ಹಾಗಲ್ಲ!" ಎಂದು ಕಿವಿ ಮುಚ್ಚಿಕೊಳ್ಳುತ್ತಿದ್ದಳು.

ಸಭೆ ನಡೆದದ್ದು ಶಾಲೆಯ ವ್ಯಾಯಾಮದ ಹಾಲಿನಲ್ಲಿ, ಮಕ್ಕಳ ಗಿಡ್ಡ ಕುರ್ಚಿಗಳ ಮೇಲೆ. ದೊಡ್ಡವರೆಲ್ಲ ಮೊಣಕಾಲು ಎದೆಗೇರಿಸಿಕೊಂಡು ಕೂತಿದ್ದರು. ನನ್ನ ಒಂದು ಪಕ್ಕ ಗಂಡ, ಇನ್ನೊಂದು ಪಕ್ಕ ಅತ್ತೆ, ಇಳಕಲ್ ಸೀರೆಯ ಮೇಲೆ ಮಗನ ಚಳಿಕೋಟು ಹಾಕಿಕೊಂಡು. ಕಾಫಿಯ ಜೊತೆ ಒಬ್ಬ ಹೆಂಗಸು ಬಿಸ್ಕತ್ತಿನ ಡಬ್ಬಿ ಹಿಡಿದು ಬಂದಳು, ಎಲ್ಲರೂ ಒಂದೊಂದು ತೆಗೆದುಕೊಂಡ ಮೇಲೆ ಮುಚ್ಚಳ ಹಾಕಿದಳು.

"ನೋಡಿದ್ಯಾ," ಎಂದರು ಅತ್ತೆ ನನ್ನ ಕಿವಿಯಲ್ಲಿ, "ಇಷ್ಟ ಬಿಗಿ ಹಿಡದ ಖರ್ಚು ಮಾಡೂ ಮಂದಿಗೆ ರೊಕ್ಕ ಯಾಕ ಸಾಲವಲ್ದು?"

ನಗರಸಭೆಯಿಂದ ಬಂದಾತ ಪಾರದರ್ಶಕ ಹಾಳೆಗಳನ್ನು ಪ್ರೊಜೆಕ್ಟರಿನ ಮೇಲೆ ಇಟ್ಟು ತೋರಿಸಿದ. ಮುಖ್ಯೋಪಾಧ್ಯಾಯಿನಿಯ ಮುಂದೆ ಮೊಟ್ಟೆ ಬೇಯಿಸುವಾಗ ತಿರುಗಿಸಿಡುವ ಸಣ್ಣ ಗಡಿಯಾರವಿತ್ತು. ಮೂರು ನಿಮಿಷಕ್ಕೆ ಅದು ಟ್ರಿಣ್ ಎನ್ನುತ್ತಿತ್ತು. ಮೊದಲು ಸಂಗೀತದವರು, ಆಮೇಲೆ ವ್ಯಾಯಾಮದವರು ಮಾತನಾಡಿದರು. ಆಮೇಲೆ ನಾನು.

ಎದ್ದು ನಿಂತಾಗ ಬಾಯಿಪಾಠ ಮಾಡಿದ ಪುಟ ಪೂರ್ತಿ ಮರೆತುಹೋಯಿತು. ಇದು ಮಾತ್ರ ಡೈರಿಯಲ್ಲೂ ಇದೆ. ನನಗೆ ಬರುತ್ತಿದ್ದ ಡಚ್‌ನಲ್ಲಿ ಹೇಳಿದ್ದಿಷ್ಟು: ನಾವು ಈಜು ಬೇಡ ಎಂದು ಗುರುತು ಹಾಕಿದ್ದೇವೆ. ನಮಗೆ ಈಜು ಬೇಕು. ನಮ್ಮ ದೇಶದಲ್ಲಿ ಶಾಲೆಯಿಂದ ಕಾಗದ ಬಂದರೆ ಸಹಿ ಹಾಕುತ್ತೇವೆ, ಅದು ಪ್ರಶ್ನೆ ಎಂದು ತಿಳಿಯಲಿಲ್ಲ.

ಇಡೀ ಸಭೆ ನಕ್ಕಿತು. ಕೆಟ್ಟ ನಗುವಲ್ಲ, ಆದರೂ ನನ್ನ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಟರ್ಕಿಯ ತಂದೆ ಕೈ ಎತ್ತಿ, "ನಾನೂ ಹಾಗೇ ಮಾಡಿದೆ," ಎಂದ. ಅವನ ಪಕ್ಕದಲ್ಲಿದ್ದವನೂ ಕೈ ಎತ್ತಿದ. ಕಿಟಕಿಯ ಬಳಿ ಇದ್ದ ಹೆಂಗಸೊಬ್ಬಳು ಮುಖ ಮುಚ್ಚಿಕೊಂಡು ನಗುತ್ತ ಎತ್ತಿದಳು. ಮುಖ್ಯೋಪಾಧ್ಯಾಯಿನಿ ತನ್ನ ಮುಂದಿದ್ದ ಕಾಗದದ ಕಟ್ಟನ್ನು ನೋಡಿದಳು, ನಮ್ಮನ್ನು ನೋಡಿದಳು, ಮತ್ತೆ ಕಟ್ಟನ್ನು ನೋಡಿದಳು.

ಅತ್ತೆ ನನ್ನ ಕೋಟು ಜಗ್ಗಿದರು. "ನಿಂದಿನ್ನೂ ಗಂಟಿ ಬಾರಿಸಿಲ್ಲ. ಉಳದದ್ದು ನನಗ ಕೊಡು. ನಾ ಹೇಳಿದ್ದನ್ನ ಹಂಗ ಹೇಳು."

ಅವರು ಎದ್ದು ನಿಂತರು, ಸೆರಗು ತಲೆಯ ಮೇಲೆ ಎಳೆದುಕೊಂಡರು.

"ನಮ್ಮೂರಾಗ ಮೆಟ್ಟಲಾ ಇದ್ದ ಬಾವಿ ಇತ್ರಿ. ಸೊಂಟಕ್ಕ ಒಣ ಸೋರಿ ಬುರುಡಿ ಕಟಗೊಂಡು ಈಜ ಕಲೀತಿದ್ವಿ. ಬುರುಡಿ ಇದ್ರ ಮುಳಗೂದಿಲ್ಲ. ನಾವು ಮೂರು ಮಂದಿ ಹುಡುಗ್ಯಾರು. ಬುರುಡಿ ಎರಡ ಇದ್ದು."

ನಾನು ಒಂದೊಂದೇ ವಾಕ್ಯ ಡಚ್‌ಗೆ ದಾಟಿಸಿದೆ. ಸೋರೆಬುರುಡೆಗೆ ಶಬ್ದ ತಿಳಿಯದೆ ಎರಡು ಕೈಯಲ್ಲಿ ಆಕಾರ ತೋರಿಸಿದೆ. ಮುಂದಿನ ವಾಕ್ಯಕ್ಕೆ ಕಾದೆ. ಅತ್ತೆ ಕೂತುಬಿಟ್ಟಿದ್ದರು. ಗಡಿಯಾರದ ಟಿಕ್ ಟಿಕ್ ಕೇಳುತ್ತಿತ್ತು. ಪಕ್ಕದ ಮನೆಯಾಕೆ ಇವತ್ತಿಗೂ ನಾನು ನಾಲ್ಕು ಜನ ಹುಡುಗಿಯರು ಎಂದೆ ಎನ್ನುತ್ತಾಳೆ. ಮೂರು ಎಂದೇ ನನ್ನ ನೆನಪು. ಆದರೆ ಹಾಗೆ ಸಾಧಿಸಿ ಹೇಳಲು ನನ್ನ ಬಳಿ ಡೈರಿಯ ಸಾಕ್ಷಿಯಿಲ್ಲ. ಅಲ್ಲಿ "ಅತ್ತೆ ಮಾತಾಡಿದರು!!" ಎಂದಿದೆ, ಎರಡು ಉದ್ಗಾರ ಚಿಹ್ನೆಗಳ ಜೊತೆ.

ಗಡಿಯಾರ ಟ್ರಿಣ್ ಎಂದಿತು. ಎಲ್ಲರೂ ಒಮ್ಮೆಲೇ ಮಾತಿಗೆ ಶುರುವಿಟ್ಟರು. ಕೊಳಕ್ಕೆ ಎಷ್ಟು, ಬಸ್ಸಿಗೆ ಎಷ್ಟು, ಬೇರೆ ಬೇರೆ ಹೇಳಿ ಎಂದು ಪಕ್ಕದ ಮನೆಯಾಕೆ ಕೂಗಿದಳು. ನಗರಸಭೆಯಾತ ಹಾಳೆಗಳನ್ನು ಹುಡುಕಾಡಿ, ಕೊಳದ್ದು ಹೆಚ್ಚೇನಲ್ಲ, ಹಣ ತಿನ್ನುವುದು ಬಸ್ಸು ಎಂದ.

"ಹಾಗಾದ್ರೆ ಬಸ್ಸು ಬೇಡ," ಎಂದಳು ಪಕ್ಕದ ಮನೆಯಾಕೆ. "ಮಕ್ಕಳಿಗೆಲ್ಲ ಸೈಕಲ್ ಇದೆ. ಜೊತೆಗೆ ಹೋಗೋಕೆ ದೊಡ್ಡವರು ಬೇಕು. ಮಂಗಳವಾರ ಬೆಳಿಗ್ಗೆ ಯಾರು ಬರ್ತೀರಿ?"

ಕೈಗಳು ಎದ್ದವು. ಟರ್ಕಿಯ ತಂದೆಯದು ಎಲ್ಲಕ್ಕಿಂತ ಎತ್ತರದಲ್ಲಿತ್ತು. ನನ್ನದೂ ಎದ್ದಿತು. ಗಂಡ ನನ್ನ ಕಡೆ ತಿರುಗಿ, "ನಿನಗೆಲ್ಲಿ ಸೈಕಲ್ ಬರುತ್ತೆ? ಸೂಪರ್‌ಮಾರ್ಕೆಟ್ ಪಾರ್ಕಿಂಗಲ್ಲಿ ಎರಡು ಸುತ್ತು ಹೊಡೆದಿದೀಯ ಅಷ್ಟೆ," ಎಂದರು.

"ಇನ್ನೊಂದು ಸ್ವಲ್ಪ ಹೊಡೀತೀನಿ."

ಹತ್ತು ದಿನ ಪಾರ್ಕಿಂಗಿನಲ್ಲಿ ಸುತ್ತು ಹೊಡೆದೆ. ಅತ್ತೆ ಕೋಟಿನ ಜೇಬಿನಲ್ಲಿ ಕೈಯಿಟ್ಟು ನಿಂತು, "ಬ್ರೇಕ್ ಹಿಡಿ! ಕಾಲ ಕೆಳಗಿಡಬ್ಯಾಡ! ಮುಂದ ನೋಡು, ನನ್ನೇನ್ ನೋಡ್ತಿ!" ಎಂದು ಕೂಗುತ್ತಿದ್ದರು. ಟ್ರಾಲಿ ತಳ್ಳಿಕೊಂಡು ಹೋಗುತ್ತಿದ್ದವರು ನಿಂತು ನೋಡುತ್ತಿದ್ದರು. ಶಾಲೆ ಗುರುತು ಹಾಕುವ ಕಾಗದವನ್ನು ಮತ್ತೊಮ್ಮೆ ಹಂಚಿತು. ಈ ಸಲ ಅದನ್ನು ನಾವು ಮೂವರು ಕೂತು ಓದಿದೆವು, ಅತ್ತೆ ಪೆನ್ನು ಹಿಡಿದುಕೊಂಡು ಕಾವಲು ಕೂತಿದ್ದರು. ಈಜು ಉಳಿಯಿತು, ಸೈಕಲ್ ಮೇಲೆ, ಆ ವರ್ಷದ ಮಟ್ಟಿಗೆ. ಸಂಗೀತ ಹೋಯಿತು. ಅದಕ್ಕಾಗಿ ಮಾತನಾಡಿದ್ದ ತಾಯಿ ಶಾಲೆಯ ಗೇಟಿನಲ್ಲಿ ಬಹಳ ದಿನ ನನ್ನ ಮುಖ ನೋಡಲಿಲ್ಲ. ಅದು ಕೂಡ ನೆನಪಿದೆ, ಕಥೆ ಹೇಳುವಾಗ ಬಿಟ್ಟುಬಿಡುತ್ತೇನೆ ಅಷ್ಟೇ.

ಮೊದಲ ಮಂಗಳವಾರ! ಇಬ್ಬಿಬ್ಬರ ಸಾಲಿನಲ್ಲಿ ಮಕ್ಕಳು, ಎಲ್ಲರಿಗೂ ಹೊಳೆಯುವ ಕಿತ್ತಳೆ ಬಣ್ಣದ ಅಂಗಿ, ಮುಂದೆ ಪಕ್ಕದ ಮನೆಯಾಕೆ, ಕೊನೆಯಲ್ಲಿ ನಾನು. ಎದುರುಗಾಳಿ. ಅಡ್ಡರಸ್ತೆಯಲ್ಲಿ ಟರ್ಕಿಯ ತಂದೆ ಸೈಕಲ್ ಅಡ್ಡ ನಿಲ್ಲಿಸಿ ಎರಡು ಕೈ ಚಾಚಿ ಕಾರುಗಳನ್ನು ತಡೆದ. ಆ ತೆರೆದ ದಾರಿಯಲ್ಲಿ ಮಕ್ಕಳ ಹಿಂದೆ ಪೆಡಲ್ ತುಳಿಯುತ್ತ ನಾನು ಜೋರಾಗಿ ನಗುತ್ತಿದ್ದೆ. ಎಂ.ಎ. ಪದವಿ ತೆಗೆದುಕೊಳ್ಳುವಾಗಲೂ ಅಷ್ಟು ಹೆಮ್ಮೆಪಟ್ಟ ನೆನಪಿಲ್ಲ.

ಜೂನಿನಲ್ಲಿ, ಅತ್ತೆ ಹೊರಡುವ ವಾರದಲ್ಲಿ, ಡಿಪ್ಲೊಮಾ ಪರೀಕ್ಷೆ ಬಂತು. ಕೊಳದ ಅಂಚಿನ ಬೆಂಚಿನಲ್ಲಿ ಅತ್ತೆ ಚಪ್ಪಲಿ ಬಿಟ್ಟು, ಮಡಿಲಲ್ಲಿ ಟವೆಲ್ ಇಟ್ಟುಕೊಂಡು ಕೂತಿದ್ದರು. ಮಗಳು ಉದ್ದ ತೋಳಿನ ಅಂಗಿ, ಪ್ಯಾಂಟು, ಬೂಟು ಹಾಕಿಕೊಂಡು ಹಾರಿದಳು. ಒಂದು ಉದ್ದ ಈಜಿ ಬಂದಳು. ಒದ್ದೆ ಬಟ್ಟೆ, ಬೂಟು ಬಿಚ್ಚಿಟ್ಟು, ಈಜುಡುಗೆಯಲ್ಲಿ ಮತ್ತೆ ಸಾಲಿನಲ್ಲಿ ನಿಂತಳು. ಈಗ ತೂತು. ಅವಳು ನೀರಿಗೆ ಹಾರಿ ಮುಳುಗಿದಳು. ಅತ್ತೆ ನನ್ನ ಮಣಿಕಟ್ಟು ಹಿಡಿದರು. ಬಳೆ ಚರ್ಮಕ್ಕೆ ಒತ್ತುವಷ್ಟು ಬಿಗಿ. ಅವರು ಉಸಿರು ಹಿಡಿದಿದ್ದರು. ಹಾಳೆಯ ಆಚೆ ಕಡೆ ಮಗಳ ತಲೆ ಮೇಲೆ ಬಂತು. "ಆಯೀ! ಆಯಿ, ನಾ ದಾಟಿದೆ!" ಎಂದು ಅಜ್ಜಿಯನ್ನು ಕರೆದ ಅವಳ ಕೂಗಿಗೆ ಇಡೀ ಕೊಳ ಪ್ರತಿಧ್ವನಿಸಿತು. ಅತ್ತೆ ಎದ್ದು ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಡೆದರು.

ಅವರ ಹಿಂದೆ ಹೋಗಿ ನಾನು ಕೇಳಿದ್ದು ಅಲ್ಲೇ, ಅವರು ಟವೆಲ್ ಬಿಡಿಸುತ್ತಿದ್ದಾಗ. ಅವರು ಮಗಳ ಜಡೆ ಹಿಂಡಿದರು, ಮತ್ತೆ ಹಿಂಡಿದರು, ಅದರಲ್ಲಿ ನೀರು ಮುಗಿದ ಮೇಲೂ ಹಿಂಡಿದರು, ನನ್ನ ಕಡೆ ತಿರುಗಲಿಲ್ಲ. ಆಮೇಲೆ ಫೋನಿನಲ್ಲಿ ಎರಡು ಸಲ ಕೇಳಿದ್ದೇನೆ. ಎರಡು ಸಲವೂ ಅವರು, "ಕೂಸು ಈಗೂ ಈಜತಾಳಿಲ್ಲೋ?" ಎಂದು ನನ್ನನ್ನೇ ಕೇಳಿದರು. ಗಂಡನಿಗೂ ಸಭೆಯಲ್ಲಿ ಕೇಳಿದ್ದಕ್ಕಿಂತ ಹೆಚ್ಚಾಗಿ ಆ ಬಾವಿಯ ವಿಷಯ ಗೊತ್ತಿಲ್ಲ. ನಾನು ಅಂದು ಕೇಳಿದ ಮಾತುಗಳು ಇವೇ ಎಂದು ಪ್ರಮಾಣ ಮಾಡಿ ಹೇಳಲಾರೆ, ಆದರೆ ಹೀಗೆ ಕೇಳಿದೆ ಎಂದುಕೊಂಡಿದ್ದೇನೆ:

"ಅತ್ತೆ, ಬುರುಡೆ ಸಿಗದೇ ಇದ್ದ ಆ ಮೂರನೇ ಹುಡುಗಿ ಯಾರು?"