ಅರ್ಥವಾದ ಕಾಗದ

ಬೀದಿಯ ತಿರುವಿನಲ್ಲಿ, ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗೆ ಒಂದು ಸಂದಿ. ಅದೇ ಅವರ ಅಂಗಡಿ. ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಇರಬೇಕು, ಅಷ್ಟು ಜಾಗ. ಗೋಡೆಯ ತುಂಬ ಮೊಳೆ, ಮೊಳೆಗೊಂದು ಗೊಂಚಲು ಬೀಗದ ಕೈ. ಬೀಗ ರಿಪೇರಿ ಮಾಡುವವರಾದ್ದರಿಂದ ಜನ ಅವರನ್ನು ‘ಬೀಗರೇ’ ಎಂದೇ ಕರೆಯುತ್ತಿದ್ದರು. ಹೆಣ್ಣು ಕೊಡದೆ, ಹೆಣ್ಣು ತಾರದೆ ಬೀದಿಗೆಲ್ಲ ಬೀಗರಾದವರು ಇವರೊಬ್ಬರೇ ಎಂದು ನಗುತ್ತಿದ್ದರು. ಅವರು ಮಾತ್ರ ನಗುತ್ತಿರಲಿಲ್ಲ. ಯಾಕೆ ನಗುತ್ತಿದ್ದಾರೆ ಎಂದು ಯೋಚಿಸುತ್ತಿದ್ದರು.

ಅನುಮಾನ ಅವರ ಕಸುಬಿನ ಜೊತೆಗೇ ಬಂದದ್ದು. ಯಾರಾದರೂ ಇನ್ನೊಂದು ಬೀಗದ ಕೈ ಮಾಡಿಸಲು ಬಂದರೆ, ಬೀಗ ಯಾವ ಬಾಗಿಲಿನದು, ಬಾಗಿಲು ಒಳಗೆ ತೆರೆಯುತ್ತೋ ಹೊರಗೋ, ಮನೆಯಲ್ಲಿ ಯಾರ್ಯಾರು ಇದ್ದಾರೆ ಎಂದು ಕೇಳದೆ ಅರ ಕೈಗೆತ್ತಿಕೊಂಡವರಲ್ಲ. ಒಮ್ಮೆ ಒಬ್ಬ ಸಾಬೂನಿನ ಮೇಲೆ ಒತ್ತಿದ ಅಚ್ಚು ತಂದಿದ್ದ. ಅವನನ್ನು ಹೇಗೆ ಓಡಿಸಿದರೆಂಬ ಕಥೆಯನ್ನು ಬೀದಿಯವರು ವರ್ಷಗಟ್ಟಲೆ ಹೇಳಿಕೊಂಡರು.

ಓದು ಎರಡನೇ ತರಗತಿಗೇ ನಿಂತಿತ್ತು. ಬೀಗದ ಕೈಗಳ ಮೇಲೆ ಕೊರೆದ ಅಂಕಿಗಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಓದುತ್ತಿದ್ದರು. ಅಕ್ಷರಗಳನ್ನಾದರೋ ಒಂದೊಂದಾಗಿ ತಡವಿಕೊಂಡು ಕೂಡಿಸಬೇಕು. ಕೂಡಿಸಿದ ಮೇಲೂ ಕಚೇರಿಯ ಕಾಗದಗಳು ಬಾಯಿ ಬಿಡುತ್ತಿರಲಿಲ್ಲ. ಹಾಗಾಗಿ ಬಂದ ಕಾಗದವೆಲ್ಲ ಎರಡನೇ ಮಹಡಿಗೆ ಹೋಗುತ್ತಿತ್ತು. ಅಲ್ಲಿ ಉಗ್ರಾಣದ ಕಚೇರಿಯಿಂದ ನಿವೃತ್ತರಾದ ಗುಮಾಸ್ತರಿದ್ದರು. ಅವರು ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು ಓದಿ, ಇದಿಷ್ಟೇ ವಿಷಯ ಎಂದು ಹೇಳುವರು. ಇಪ್ಪತ್ತು ವರ್ಷ ಹೀಗೇ ನಡೆದಿತ್ತು.

ಆ ಸೋಮವಾರ ಅಂಚೆಯವನು ಒಂದು ಲಕೋಟೆ ಕೊಟ್ಟು ಹೋದ. ಮೇಲೆ ಹೆಂಡತಿಯ ಹೆಸರು. ಅವಳು ವಸತಿಗೃಹವೊಂದರಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು; ಅಕ್ಷರದ ಗಂಧ ಗಾಳಿಯೇ ಇಲ್ಲದವಳು. ಬೀಗರು ಲಕೋಟೆ ಒಡೆದರು. ದಪ್ಪ ಅಕ್ಷರ, ಚಿಕ್ಕ ಚಿಕ್ಕ ಸಾಲು.

‘ನಿಮ್ಮ ಎದೆಯ ಫೋಟೋ ಸರಿಯಾಗಿ ಬಂದಿಲ್ಲ. ಇನ್ನೊಮ್ಮೆ ತೆಗೆಯಬೇಕು. ಗುರುವಾರ ಬೆಳಿಗ್ಗೆ 9 ಗಂಟೆಗೆ ಆಸ್ಪತ್ರೆಗೆ ಬನ್ನಿ. ಕಾಯಿಲೆ ಇದೆ ಎಂದು ಇದರ ಅರ್ಥವಲ್ಲ. ಆದರೂ ತಪ್ಪದೆ ಬನ್ನಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಬನ್ನಿ.’

ತಡವುತ್ತ ತಡವುತ್ತ ಓದಿ ಮುಗಿಸಿದ ಮೇಲೆ ಅವರ ಬೆನ್ನು ತಣ್ಣಗಾಯಿತು. ಕಾಯಿಲೆಯ ಭಯಕ್ಕಲ್ಲ. ಪೂರ್ತಿ ಅರ್ಥವಾಗಿಬಿಟ್ಟಿತ್ತಲ್ಲ, ಅದಕ್ಕೆ. ಆಸ್ಪತ್ರೆಯ ಕಾಗದ, ಅದೂ ತನಗೆ, ಯಾರ ಸಹಾಯವೂ ಇಲ್ಲದೆ! ಹಾಗಾದರೆ ಇದರಲ್ಲೇನೋ ಮೋಸವಿದೆ.

ಮೂರು ತಿಂಗಳ ಹಿಂದೆ ವಸತಿಗೃಹದ ಹೆಂಗಸರನ್ನೆಲ್ಲ ಆಸ್ಪತ್ರೆಯವರು ಕರೆದು, ಎದೆಯಲ್ಲಿ ಗಂಟಿದೆಯೇ ಎಂದು ಫೋಟೋ ತೆಗೆದದ್ದು ನಿಜ. ಆದರೆ ಆ ಸುದ್ದಿ ಯಾರ ಕಿವಿಗಾದರೂ ಬಿದ್ದಿರಬಹುದು. ಬೀಗರು ಕಾಗದವನ್ನು ಬೆಳಕಿಗೆ ಹಿಡಿದರು, ಮುದ್ರೆಯನ್ನು ಉಗುರಿನಿಂದ ಕೆರೆದು ನೋಡಿದರು. ‘ಎದೆ’ ಎಂದು ಹೀಗೆ ಬಿಚ್ಚಿ ಬರೆಯುತ್ತಾರೆಯೇ ದೊಡ್ಡ ಆಸ್ಪತ್ರೆಯವರು? ಒಬ್ಬರನ್ನು ಕರೆದುಕೊಂಡು ಬನ್ನಿ ಎನ್ನುವುದು ಯಾಕೆ? ಆ ಹೊತ್ತಿಗೆ ಮನೆ ಖಾಲಿ ಇರಲಿ ಎಂದೇ? ಕಾಗದವನ್ನು ಮಡಚಿ ಡ್ರಾಯರಿಗೆ ಹಾಕಿದರು. ಹೆಂಡತಿಯ ಮುಂದೆ ತುಟಿ ಬಿಚ್ಚಲಿಲ್ಲ.

ಮಂಗಳವಾರ ಗುಮಾಸ್ತರ ಮುಂದೆ ಅದನ್ನು ಹಿಡಿದರು.

ಗುಮಾಸ್ತರು ಓದಿದರು. ಹೆಸರಿನ ಮೇಲೆ ಅವರ ಕಣ್ಣು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಿತು. “ಇದು ಅಸಲಿ ಅಲ್ಲ ಬೀಗರೇ. ಎಲ್ಲಿದೆ ‘ಸದರಿ’? ಎಲ್ಲಿದೆ ‘ತಿಳಿಯಪಡಿಸಲಾಗಿದೆ’? ಕಚೇರಿಯವರು ಎಲ್ಲಾದರೂ ‘ಬನ್ನಿ’ ಅಂತ ಬರೀತಾರಾ, ನಂಟರನ್ನ ಕರೆದ ಹಾಗೆ?”

“ನನಗೂ ಹಾಗೇ ಅನ್ನಿಸ್ತು.”

“ಇದು ನನ್ನ ಹತ್ರ ಇರಲಿ ಬಿಡಿ. ವಿಚಾರಿಸ್ತೀನಿ.”

ಬೀಗರು ಕಾಗದ ಹಿಡಿದು ಚಾಚಿದ್ದ ಕೈಯನ್ನು ತಟ್ಟನೆ ಹಿಂದಕ್ಕೆಳೆದುಕೊಂಡರು. ಇಪ್ಪತ್ತು ವರ್ಷದಲ್ಲಿ ಗುಮಾಸ್ತರು ಒಂದು ಕಾಗದವನ್ನೂ ಇಟ್ಟುಕೊಳ್ಳುತ್ತೇನೆ ಎಂದವರಲ್ಲ. “ಬೇಡ, ನನ್ನ ಹತ್ರಾನೇ ಇರಲಿ,” ಎಂದು ಮೆಟ್ಟಿಲಿಳಿದರು. ಅಷ್ಟು ಹೊತ್ತು ಕಾಗದದ ಮೇಲಿದ್ದ ಅನುಮಾನ ಈಗ ಎರಡನೇ ಮಹಡಿಗೆ ವರ್ಗವಾಗಿತ್ತು.

ಬುಧವಾರ ಹೆಂಡತಿ ಕೆಲಸಕ್ಕೆ ಹೋದದ್ದೇ ತಡ, ಮನೆಯ ತಗಡಿನ ಪೆಟ್ಟಿಗೆ ತೆಗೆದು ಹಳೆಯ ಕಾಗದಗಳನ್ನು ನೆಲದ ಮೇಲೆ ಹರವಿಕೊಂಡರು. ಎರಡು ತಿಂಗಳ ಹಿಂದೆ ಅದೇ ಆಸ್ಪತ್ರೆಯಿಂದ ಬಂದದ್ದೊಂದು ಸಿಕ್ಕಿತು. ಅದನ್ನು ಓದಿ ಗುಮಾಸ್ತರು, “ಏನೂ ಇಲ್ಲ, ಎಲ್ಲಾ ಅವರೇ ನೋಡ್ಕೋತಾರೆ, ಜೋಪಾನವಾಗಿ ಇಟ್ಕೊಳ್ಳಿ,” ಎಂದಿದ್ದರು. ಅಕ್ಷರಗಳ ದಟ್ಟ ಕಾಡಿನಂತಿದ್ದ ಆ ಹಾಳೆಯಲ್ಲಿ ಬೀಗರು ಮೊದಲು ಹುಡುಕಿದ್ದು ಅಂಕಿಗಳನ್ನು. ಹೆಂಡತಿಯ ಹೆಸರಿನ ಕೆಳಗೆ ಆರು ಅಂಕಿ. ಹೊಸ ಕಾಗದದಲ್ಲೂ ಅದೇ ಆರು ಅಂಕಿ, ಅದೇ ಸಾಲಾಗಿ. ಹಳೆಯದರ ಬೆನ್ನಿಗೆ ಪುಟ್ಟ ಪಟ್ಟಿಯೊಂದಿತ್ತು. ಅದರಲ್ಲಿ ಆಗಿಹೋದ ಒಂದು ತಾರೀಖು. ಪಕ್ಕದಲ್ಲಿ, 9 ಗಂಟೆ.

ಎರಡನ್ನೂ ಹಿಡಿದು, ಚಪ್ಪಲಿಯನ್ನೂ ಮೆಟ್ಟದೆ, ಅವರು ಸೀದಾ ಗುಮಾಸ್ತರ ಬಾಗಿಲಿಗೆ ಹೋದರು.

“ಇದನ್ನ ಇನ್ನೊಂದ್ಸಲ ಓದಿ. ಗಟ್ಟಿಯಾಗಿ.”

ಗುಮಾಸ್ತರು ಓದಿದರು. “‘ಪ್ರಾಥಮಿಕ ಛಾಯಾಚಿತ್ರಣದ ಫಲಿತಾಂಶವು ಅನಿರ್ಣಾಯಕವಾಗಿರುವ ಹಿನ್ನೆಲೆಯಲ್ಲಿ ಸದರಿ ಫಲಾನುಭವಿಯನ್ನು ಪುನರ್ ಪರಿಶೀಲನಾ ಪ್ರಕ್ರಿಯೆಗೆ ಒಳಪಡಿಸಲು ಉದ್ದೇಶಿಸಲಾಗಿದ್ದು, ತತ್ಸಂಬಂಧ ಅನುಬಂಧದನ್ವಯ ಕ್ರಮ ವಹಿಸತಕ್ಕದ್ದು...’” ದನಿ ಅಲ್ಲಿಗೇ ನಿಂತಿತು.

“ಅಂದ್ರೆ ಏನು?”

“ಕ್ರಮ ವಹಿಸೋದು ಅಂದ್ರೆ ಅವರೇ ವಹಿಸ್ತಾರೆ ಅಂದ್ಕೊಂಡೆ.”

“ಅಂದ್ಕೊಂಡ್ರಾ?”

ಗುಮಾಸ್ತರು ಕನ್ನಡಕ ತೆಗೆದರು. ಅದಿಲ್ಲದೆ ಅವರ ಮುಖ ಬೇರೆ ಯಾರದೋ ಹಾಗೆ ಕಾಣುತ್ತಿತ್ತು. “ಎರಡು ಸಲ ಓದಿದ್ದೆ ಬೀಗರೇ. ತಲೆಬುಡ ತಿಳೀಲಿಲ್ಲ. ತಿಳೀಲಿಲ್ಲ ಅಂತ ಹೇಳೋಕೆ ಬಾಯಿ ಬರಲಿಲ್ಲ. ಇಡೀ ಬೀದಿ ನನ್ನ ಹತ್ರ ಓದಿಸ್ಕೊಂಡು ಹೋಗತ್ತೆ. ನಿನ್ನೆ ಆ ಹೆಸರು ನೋಡಿದ ಕೂಡಲೇ ಎದೆ ಧಸಕ್ ಅಂತು.”

ಇಪ್ಪತ್ತು ವರ್ಷದ ಎಷ್ಟು ಕಾಗದಗಳಲ್ಲಿ ಎಷ್ಟು ಅಂದಾಜು ಸೇರಿತ್ತೋ ಎಂದು ಬೀಗರು ಕೇಳಬಹುದಿತ್ತು. ಕೇಳಲಿಲ್ಲ. ಎರಡೂ ಕಾಗದ ಮಡಚಿಕೊಂಡು ಇಳಿದುಬಂದರು.

ಸಂಜೆ ಹೆಂಡತಿಗೆ ಎಲ್ಲವನ್ನೂ ಹೇಳಿದರು. ಅವಳು ಅಳುತ್ತಾಳೆ ಎಂದುಕೊಂಡಿದ್ದರು. ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು.

“ನನ್ನ ಎದೆ ವಿಷಯ ಮೂರು ದಿನ ನಿಮ್ಮ ಡ್ರಾಯರಲ್ಲಿ ಇತ್ತಾ?”

“ಸುಳ್ಳು ಕಾಗದ ಅಂದ್ಕೊಂಡೆ ಕಣೇ.”

“ಸುಳ್ಳೋ ನಿಜವೋ, ಅದು ನನ್ನ ಹೆಸರಿಗೆ ಬಂದದ್ದು ತಾನೆ? ಇನ್ನೂ ಏನೇನು ಮುಚ್ಚಿಟ್ಟಿದ್ದೀರ, ತೆಗೀರಿ ಹೊರಗೆ.” ಅಂದು ಅವಳು ಪೆಟ್ಟಿಗೆಯ ಒಂದೊಂದು ಕಾಗದವನ್ನೂ ಗಂಡನಿಂದ ಓದಿಸಿ, ಅರ್ಥವಾಗದ್ದನ್ನೆಲ್ಲ ಬೇರೆ ಕಟ್ಟು ಮಾಡಿ ದಾರ ಸುತ್ತಿದಳು. ಆ ಕಟ್ಟೇ ದಪ್ಪವಾಯಿತು.

ಗುರುವಾರ ಎಂಟೂವರೆಗೇ ಇಬ್ಬರೂ ಆಸ್ಪತ್ರೆಯಲ್ಲಿದ್ದರು. ಮನೆಗೆ ಹೊಸ ಬೀಗವನ್ನೇ ಜಡಿದು ಬಂದಿದ್ದರು ಬೀಗರು. ಹೆಂಡತಿಯನ್ನು ಒಳಗೆ ಕರೆದ ಮೇಲೆ, ಕಿಟಕಿಯ ಹಿಂದೆ ಕೂತ ಹೆಂಗಸಿನ ಮುಂದೆ ಕಾಗದ ಬಿಚ್ಚಿದರು. “ಇದನ್ನ ಬರೆದೋರು ಯಾರಮ್ಮ?”

“ನಾನೇ. ಮೊದಲಿನ ಕಾಗದ ನೋಡಿ ಬಹಳ ಜನ ಬರಲೇ ಇಲ್ಲ. ಯಾಕೆ ಅಂತ ಮನೆ ಮನೆಗೆ ಹೋಗಿ ಕೇಳಿದ್ವಿ. ಆಮೇಲೆ ಹನ್ನೊಂದು ಸಲ ತಿದ್ದಿ ಬರೆದೆ. ಅರ್ಥ ಆಯ್ತಾ ನಿಮಗೆ?”

“ಆಯ್ತು. ಅದೇ ತೊಂದರೆ ಆಗಿದ್ದು.” ಅವರು ಕಪ್ಪಾದ ಬೆರಳನ್ನು ಒಂದು ಸಾಲಿನ ಮೇಲಿಟ್ಟರು. “ಕಾಯಿಲೆ ಇದೆ ಅಂತ ಅರ್ಥವಲ್ಲ ಅಂತ ಬರೆದಿದ್ದೀರಿ. ಇದೊಂದು ಸಮಾಧಾನಕ್ಕೆ ಹೇಳಿದ ಸುಳ್ಳು, ಅಲ್ವಾ?”

ಅವಳು ಕಾಗದದಿಂದ ತಲೆಯೆತ್ತಿದಳು. “ಸುಳ್ಳಲ್ಲ ಅಣ್ಣ. ಇದೆಯೋ ಇಲ್ಲವೋ ನಮಗೂ ಗೊತ್ತಿಲ್ಲ. ಅದಕ್ಕೇ ಕರೆಸಿದ್ದು.”

ಗೊತ್ತಿಲ್ಲ ಎಂದು ಇಷ್ಟು ಸಲೀಸಾಗಿ ಹೇಳಿದವರನ್ನು ಬೀಗರು ಅದುವರೆಗೆ ಕಂಡಿರಲಿಲ್ಲ. ಬೆಂಚಿಗೆ ಹೋಗಿ ಕೂತರು.

ಇತ್ತು. ಕಡಲೆಕಾಳಿನಷ್ಟು ಗಂಟು. ಎರಡು ತಿಂಗಳ ಮೊದಲು ಬಂದಿದ್ದರೆ ಇನ್ನೂ ಚಿಕ್ಕದರಲ್ಲೇ ಮುಗಿಯುತ್ತಿತ್ತು ಎಂದರು ವೈದ್ಯರು. ಕೊಯ್ದು ತೆಗೆದರು, ಔಷಧ ನಡೆಯಿತು. ಅವಳ ಕೂದಲು ಉದುರಿ ಮತ್ತೆ ಬಂತು. ಏಳನೇ ತಿಂಗಳಿಗೆ ಅವಳು ಇಸ್ತ್ರಿಯ ಮೇಜಿನ ಮುಂದೆ ಮತ್ತೆ ನಿಂತಳು. ಅಷ್ಟು ದಿನವೂ ಬೀಗರು ಗುಮಾಸ್ತರ ಜೊತೆ ಮಾತು ಬಿಟ್ಟಿದ್ದರು. ಮೆಟ್ಟಿಲ ಮೇಲೆ ಅವರ ಹೆಜ್ಜೆ ಕೇಳಿದರೆ ಗರಗರ ಯಂತ್ರ ತಿರುಗಿಸುತ್ತಿದ್ದರು, ಕೊರೆಯಲು ಬೀಗದ ಕೈ ಇರಲಿ, ಇಲ್ಲದಿರಲಿ.

ಕೊನೆಗೆ ಆಸ್ಪತ್ರೆಯ ಕಿಟಕಿಯ ಹೆಂಗಸು ಬೀಗರನ್ನು ಕರೆಸಿದಳು. ಹೊಸ ಕಾಗದಗಳನ್ನು ಕಳಿಸುವ ಮೊದಲು ನಾಲ್ಕಾರು ಜನರ ಮುಂದೆ ಓದಿ ನೋಡುತ್ತೇವೆ, ನೀವೂ ಬನ್ನಿ ಎಂದಳು. ಹೆಂಡತಿ, “ಗುಮಾಸ್ತರನ್ನೂ ಕರ್ಕೊಂಡು ಹೋಗಿ. ಅವರಿಗೆ ತಿಳೀದೇ ಇದ್ದದ್ದು ಇನ್ಯಾರಿಗೆ ತಿಳಿಯತ್ತೆ?” ಎಂದಳು. ಅದು ಕ್ಷಮೆಯೋ ಚುಚ್ಚುಮಾತೋ ಬೀಗರಿಗೆ ಗೊತ್ತಾಗಲಿಲ್ಲ. ಕರೆದುಕೊಂಡು ಹೋದರು.

ಕೋಣೆಯಲ್ಲಿ ಉದ್ದನೆಯ ಮೇಜು, ಐದಾರು ಜನ. ಒಂದು ಹಾಳೆ ಕೈಯಿಂದ ಕೈಗೆ ಬಂತು. ಗುಮಾಸ್ತರು ಓದಿ, ಬೆವರು ಒರೆಸಿಕೊಂಡು, “ಮೂರನೇ ಸಾಲು... ನನಗೆ ಅರ್ಥ ಆಗಲಿಲ್ಲ,” ಎಂದರು. ಹೆಂಗಸು ಮೂರನೇ ಸಾಲನ್ನು ಹೊಡೆದುಹಾಕಿದಳು.

ಬೀಗರು ಕೊನೆಯವರು. “ಎಲ್ಲಾ ಸರಿ. ಆದರೆ ನನ್ನಂಥೋನು ಇದನ್ನ ನಂಬಲ್ಲ. ಅನುಮಾನ ಬಂದ್ರೆ ಎಲ್ಲಿ ಕೇಳ್ಬೇಕು ಅಂತ ಬರೀರಿ. ಕೇಳೋಕೆ ಹೋದ್ರೆ ಬೈತಾರೆ ಅನ್ನೋ ಭಯಾನೇ ಜಾಸ್ತಿ.” ಅವಳು ಅಲ್ಲೇ ಬರೆದಳು: ‘ಈ ಕಾಗದ ನಿಜವೇ ಎಂಬ ಅನುಮಾನವಿದ್ದರೆ ಮೂರನೇ ಕಿಟಕಿಗೆ ಬಂದು ಕೇಳಿ. ಯಾರೂ ಬೈಯುವುದಿಲ್ಲ.’

ಮನೆಗೆ ಬಂದು ಹೆಮ್ಮೆಯಿಂದ ಹೇಳಿದರೆ ಹೆಂಡತಿ ಹುಬ್ಬು ಗಂಟಿಕ್ಕಿದಳು. “ಬೈಯಲ್ಲ ಅಂತ ಯಾರಿಗೆ ಗೊತ್ತು?”

ಹೌದಲ್ಲ! ಮರುದಿನ ಬೀಗರು ಅಂಗಡಿ ಮುಚ್ಚಿ ಆಸ್ಪತ್ರೆಗೆ ಹೋದರು. ಮೂರನೇ ಕಿಟಕಿಯಲ್ಲಿ ಬೇರೆ ಯಾರೋ ಕೂತಿದ್ದರು. ಹೆಂಡತಿಗೆ ಬಂದಿದ್ದ ಕಾಗದ ತೋರಿಸಿ, ‘ಇದು ನಿಜವೇ?’ ಎಂಬ ಒಂದೇ ಪ್ರಶ್ನೆಯನ್ನು ಅರ್ಧರ್ಧ ಗಂಟೆ ಬಿಟ್ಟು ಮೂರು ಸಲ ಕೇಳಿದರು. ಸಂಜೆ ಬಂದು ಹೆಂಡತಿಗೆ ವರದಿ ಒಪ್ಪಿಸಿದರು.

“ಎರಡು ಸಲದವರೆಗೆ ನಿಜ ಕಣೇ. ಮೂರನೇ ಸಲಕ್ಕೆ ಸ್ವಲ್ಪ ಬೈತಾರೆ.”