ಆಂಧಿ ಎದ್ದಾಗ ಬಿಗಿಸಿದ ಮುಚ್ಚಳ

ಕಬ್ಬಿಣದ ಲವಣ ಬೆರೆಸಿ ಕಾಯಿಸಿದರೆ ಮರದ ಪುಡಿಯ ಇದ್ದಿಲೂ ಗ್ರಾಫೈಟ್ ಆಗುತ್ತದೆ. ಕಬ್ಬಿಣವಿಲ್ಲದೆ ಅದಕ್ಕೆ ಬೇಕಾಗುವ ಶಾಖ ನಮ್ಮ ಫರ್ನೇಸಿಗೆ ಎಟುಕುವಂಥದ್ದಲ್ಲ. ದೆಹಲಿಯ ಒಂದು ಪ್ರಯೋಗಾಲಯದಲ್ಲಿ ಎರಡು ವರ್ಷ ನಾನು ಮಾಡಿದ್ದು ಇದೇ ಕೆಲಸ. ಕೊನೆಗೆ ಆ ಕಬ್ಬಿಣವನ್ನು ಹೊರಹಾಕಬೇಕು. ಪುಡಿಯನ್ನು ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ಆಸಿಡ್ ಸುರಿದು ಬಿಡುತ್ತಿದ್ದೆವು. ಕಬ್ಬಿಣ ಕರಗುವಾಗ ಹೈಡ್ರೋಜನ್ ಏಳುತ್ತದೆ, ಹಾಗಾಗಿ ಮುಚ್ಚಳ ಸಡಿಲವಾಗಿಯೇ ಇರಬೇಕು.

ಇದನ್ನು ನನಗೆ ಕಲಿಸಿದವರು ಹಾಸನದ ಕಡೆಯ ಸೀನಿಯರ್ ಒಬ್ಬರು. ಲ್ಯಾಬಿನಲ್ಲಿ ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೇ. ಅಕ್ಕ ಎನ್ನುತ್ತಿದ್ದೆ.

ಮೇ ತಿಂಗಳ ಆ ಮಧ್ಯಾಹ್ನ ಅಕ್ಕ ಊಟಕ್ಕೆ ಹೋಗಿದ್ದಾಗ ಆಂಧಿ, ಅಂದರೆ ಅಲ್ಲಿನ ಧೂಳಿನ ಬಿರುಗಾಳಿ, ಎದ್ದಿತು. ಆಕಾಶ ಕಂದುಬಣ್ಣಕ್ಕೆ ತಿರುಗಿತು. ಧೂಳು ಬಿದ್ದು ಸ್ಯಾಂಪಲ್ ಕೆಟ್ಟಿದ್ದಕ್ಕೆ ಹಿಂದಿನ ವಾರವಷ್ಟೇ ಅವರಿಂದ ಬೈಸಿಕೊಂಡಿದ್ದೆ. ಓಡಿಹೋಗಿ ಕಿಟಕಿಗಳನ್ನು ಮುಚ್ಚಿದೆ. ಅದೇ ಭರದಲ್ಲಿ, ಬೆಳಿಗ್ಗೆ ಆಸಿಡ್ ಸುರಿದಿಟ್ಟಿದ್ದ ಬಾಟಲಿಯ ಮುಚ್ಚಳವನ್ನೂ ಬಿಗಿಯಾಗಿ ತಿರುಗಿಸಿದೆ. ಕರೆಂಟ್ ಹೋಯಿತು. ಫ್ಯಾನುಗಳೆಲ್ಲ ನಿಂತು, ಹೊರಗಿನ ಗಾಳಿಯ ಸದ್ದೊಂದೇ ಉಳಿಯಿತು.

ಅಕ್ಕ ಬರುವ ಹೊತ್ತಿಗೆ ಬಾಟಲಿಯ ತಳ ಉಬ್ಬಿ, ಅದು ಮೇಜಿನ ಮೇಲೆ ನೆಟ್ಟಗೆ ನಿಲ್ಲದೆ ವಾಲುತ್ತಿತ್ತು. ಸೆಕೆ ತಾಳಲಾರದೆ ಅವರು ರಕ್ಷಣೆಯ ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದರು.

"ಏನೋ ಇದು, ಮದುವೆ ಊಟ ಮಾಡ್ದೋರ ಹೊಟ್ಟೆ ಥರ ಆಗಿದೆ!" ಎಂದು ನಗುತ್ತ ಬಾಗಿದರು.

ಹೈಡ್ರೋಜನ್ ಒಳಗೇ ತುಂಬಿಕೊಂಡಿದೆ ಎಂದು ನನಗೆ ಅರ್ಥವಾದದ್ದು ಆಗಲೇ. ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ಮತ್ತೆ ಬೈಗುಳ. ಮಾತು ನಾಲಿಗೆಯಲ್ಲೇ ನಿಂತಿತು. ಅವರು ಮುಚ್ಚಳ ತಿರುಗಿಸಿದರು. ಪಟ್ ಎಂದಿತು.

"ಕಣ್ಣು! ನೀರು ಹಾಕೋ, ನೀರು!"

ಕರೆಂಟಿಲ್ಲದೆ ಪಂಪ್ ನಿಂತಿತ್ತು; ನಲ್ಲಿ ತಿರುಗಿಸಿದರೆ ಬುಸ್ ಎಂದು ಗಾಳಿಯಷ್ಟೇ ಬಂತು. ಡಿಸ್ಟಿಲ್ಡ್ ನೀರಿನ ಕ್ಯಾನ್ ಎತ್ತಿ ತಂದೆ. ಒಂದು ಕೈಯಲ್ಲಿ ಅವರ ರೆಪ್ಪೆ ಬಿಡಿಸಿ ಹಿಡಿದು, ಇನ್ನೊಂದರಲ್ಲಿ ಸುರಿದೆ. ಕೆನ್ನೆಯ ಮೇಲೆ ಕಪ್ಪು ನೀರು ಇಳಿಯಿತು.

"ನಿಲ್ಲಿಸ್ಬೇಡ ಕಣೋ."

"ಇಲ್ಲ ಅಕ್ಕಾ, ಹಾಕ್ತಿದೀನಿ," ಎಂದೆ. ಕ್ಯಾನ್ ಹಗುರಾಗುತ್ತಿತ್ತು.

ಎಡಗಣ್ಣು ಉಳಿಯಿತು. ಬಲಗಣ್ಣಿಗೆ ಬೆಳಕು ಯಾವುದು, ಕತ್ತಲು ಯಾವುದು ಎನ್ನುವಷ್ಟೇ ತಿಳಿಯುತ್ತದೆ.

ಮೂರನೆಯ ದಿನ ಆಸ್ಪತ್ರೆಯಲ್ಲಿ, ಮುಚ್ಚಳ ಬಿಗಿಸಿದವನು ನಾನೇ ಎಂದು ಹೇಳಿದೆ.

"ಅಚ್ಛಾ," ಎಂದರು. ಆಮೇಲೆ ನನ್ನತ್ತ ತಿರುಗಿ ಕೇಳಿದರು: "ಬಿಗಿಸಿದ್ದು ಹೋಗ್ಲಿ. ನಾನು ಬಾಗಿದಾಗ ನೀನು ಅದನ್ನೇ ನೋಡ್ತಿದ್ದೆಯಲ್ಲ, ಒಂದು ಮಾತು ಹೇಳಬಾರದಿತ್ತಾ?"

ಹೇಳಬಹುದಿತ್ತು. ಅವರ ಕೈ ಮುಚ್ಚಳವನ್ನು ಅರ್ಧ ಸುತ್ತು ತಿರುಗಿಸುವಷ್ಟು ಹೊತ್ತು ನನಗಿತ್ತು.